ಸ್ತನವರ್ಧನ ಶಸ್ತ್ರಚಿಕಿತ್ಸೆಯಾಗಿ ಆರು ದಿನ: ಬೋರ್ಡಿನ ಮೇಲೆ ಬರೆಯುವುದು, ರೊಟ್ಟಿ ಬಡಿಯುವುದು ಯಾವಾಗಿನಿಂದ?

ಟಿಳಕವಾಡಿ_ಗಣಿತ (ಪ್ರಶ್ನೆ)

ನಾನು ಬೆಳಗಾವಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 33. ಹದಿಹರೆಯದಿಂದಲೂ ನನ್ನ ಎರಡು ಸ್ತನಗಳ ಬೆಳವಣಿಗೆಯಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸವಿತ್ತು. ಬಲಭಾಗ ಬಹುಮಟ್ಟಿಗೆ ಬೆಳೆದೇ ಇರಲಿಲ್ಲ. ಹದಿನೈದು ವರ್ಷ ರವಿಕೆಯೊಳಗೆ ಪ್ಯಾಡ್ ಇಟ್ಟುಕೊಂಡು, ಮಕ್ಕಳ ಕಡೆಗೆ ಬೆನ್ನು ತಿರುಗಿಸಿದಾಗಲೆಲ್ಲ ಸೆರಗನ್ನು ಎಳೆದು ಸರಿಪಡಿಸಿಕೊಳ್ಳುತ್ತ ಕಾಲ ಕಳೆದೆ. ಕೊನೆಗೆ ದಸರಾ ರಜೆ ಆರಂಭವಾದ ದಿನವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಎರಡೂ ಕಡೆ ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟುಗಳನ್ನು ಬೇರೆ ಬೇರೆ ಅಳತೆಯಲ್ಲಿ, ಎದೆಯ ಸ್ನಾಯುವಿನ ಕೆಳಗೆ ಇಟ್ಟಿದ್ದಾರೆ. ಕೊಯ್ತ ಸ್ತನದ ಕೆಳಮಡಿಕೆಯಲ್ಲಿದೆ. ಇಂದು ಆರನೆಯ ದಿನ.

ನೋವು ನಾನು ಹೆದರಿದ್ದಷ್ಟು ಇಲ್ಲ. ಆದರೆ ಬೆಳಗ್ಗೆ ಏಳುವಾಗ ಎದೆಯ ಮೇಲೆ ಯಾರೋ ಬೀಸುವ ಕಲ್ಲು ಇಟ್ಟಂತಹ ಬಿಗಿತವಿರುತ್ತದೆ, ಒಂದು ಗಂಟೆ ಓಡಾಡಿದ ಮೇಲೆ ಸಡಿಲವಾಗುತ್ತದೆ. ಎರಡೂ ಸ್ತನಗಳು ಕುತ್ತಿಗೆಯ ಕಡೆಗೆ ಏರಿ ಕುಳಿತಂತೆ, ಗಟ್ಟಿಯಾಗಿ ಕಾಣುತ್ತವೆ. ಬಲಭಾಗ ಇನ್ನೂ ಮೇಲಿದೆ. ಎರಡನೆಯ ದಿನದಿಂದ ಮಲಬದ್ಧತೆ. ಒರಗಿ ಕುಳಿತೇ ಮಲಗಬೇಕಾದ ಕಾರಣ ನಿದ್ದೆ ತುಂಡುತುಂಡಾಗಿದೆ.

ವೈದ್ಯರು ಸೂಚನೆಗಳ ಹಾಳೆ ಕೊಟ್ಟಿದ್ದಾರೆ, ಅದನ್ನು ಪಾಲಿಸುತ್ತಿದ್ದೇನೆ. ಆದರೆ ಆ ಹಾಳೆಯಲ್ಲಿ "ಭಾರ ಎತ್ತಬಾರದು, ವ್ಯಾಯಾಮ ಮಾಡಬಾರದು" ಎಂದಿದೆಯೇ ಹೊರತು ರೊಟ್ಟಿ ಬಡಿಯುವುದರ ಬಗ್ಗೆ ಏನೂ ಇಲ್ಲ. ಶಾಲೆ ತೆರೆಯಲು ಇನ್ನು ಹತ್ತು ದಿನವಿದೆ. ನನ್ನ ಕೆಲಸವೆಂದರೆ ದಿನಕ್ಕೆ ಐದು ಅವಧಿ ಕೈ ಎತ್ತಿ ಬೋರ್ಡಿನ ಮೇಲೆ ಬರೆಯುವುದು. ಅದರ ಬೆನ್ನಿಗೇ ದೀಪಾವಳಿಯ ಫರಾಳ, ಅಂದರೆ ಹಬ್ಬದ ಕರಿದ ತಿಂಡಿಗಳ ಕೆಲಸ. ಮನೆಯಲ್ಲಿ ಪತಿಯೊಬ್ಬರಿಗೆ ಮಾತ್ರ ನಿಜ ಗೊತ್ತು. ಅತ್ತೆಯವರಿಗೆ "ಸಣ್ಣ ಗಂಟು ತೆಗೆದರು" ಎಂದು ಹೇಳಿದ್ದೇವೆ. ಸಣ್ಣ ಗಂಟಿಗೆ ಎಷ್ಟು ದಿನ ತಾನೇ ಮಲಗಿರಲು ಸಾಧ್ಯ? ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಗುಮ್ಮಟದೂರಿನವಳು

ನನಗೆ ಈ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾಯಿತು. ಎರಡು ಮಕ್ಕಳಿಗೆ ಹಾಲುಣಿಸಿದ ಮೇಲೆ ಎದೆ ಪೂರ್ತಿ ಬತ್ತಿಹೋಗಿತ್ತು. ಅದು ನನಗೆ ದುಃಖದ ಸಂಗತಿಯಾಗಿತ್ತು ಎಂದಷ್ಟೇ ಹೇಳುತ್ತೇನೆ, ಸಮರ್ಥನೆ ಕೊಡುವ ಅಗತ್ಯ ಕಾಣುವುದಿಲ್ಲ.

ಮೊದಲು ನಿಮ್ಮ ಬಿಗಿತದ ವಿಷಯ. ಸ್ನಾಯುವಿನ ಕೆಳಗೆ ಇಂಪ್ಲಾಂಟ್ ಇಟ್ಟವರಿಗೆಲ್ಲ ಬೆಳಗಿನ ಆ ಕಲ್ಲು ಪರಿಚಿತವೇ. ರಾತ್ರಿಯಿಡೀ ಅಲುಗದೆ ಇದ್ದ ಸ್ನಾಯು ಸೆಟೆದುಕೊಂಡಿರುತ್ತದೆ, ಹಿಗ್ಗಿಸಿದ ಚರ್ಮ ಅದಕ್ಕೆ ಇನ್ನೂ ಒಗ್ಗಿಕೊಂಡಿರುವುದಿಲ್ಲ. ನನಗೆ ಮೂರನೆಯ ವಾರದ ಹೊತ್ತಿಗೆ ಅದು ಹೋಯಿತು. ಮೇಲೇರಿ ಕುಳಿತಂತೆ ಕಾಣುವುದಕ್ಕೂ ಆ ಸ್ನಾಯುವೇ ಕಾರಣ: ಅದು ಸಡಿಲಗೊಂಡಂತೆ ಇಂಪ್ಲಾಂಟ್ ನಿಧಾನವಾಗಿ ಕೆಳಗಿಳಿದು ತನ್ನ ಜಾಗದಲ್ಲಿ ಕೂರುತ್ತದೆ, ಇದಕ್ಕೆ ಮೂರರಿಂದ ಆರು ತಿಂಗಳು ಬೇಕು. ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಿಮ್ಮ ಬಲಭಾಗದಲ್ಲಿ ಮೊದಲಿನಿಂದಲೂ ಚರ್ಮ ಕಡಿಮೆ ಇದ್ದುದರಿಂದ ಅದು ಹಿಂದೆ ಉಳಿಯುವುದು ಸಹಜವೆಂದೇ ನನಗೆ ತೋರುತ್ತದೆ. ಕನ್ನಡಿಯ ಮುಂದೆ ದಿನಕ್ಕೆ ಹತ್ತು ಸಲ ನಿಲ್ಲಬೇಡಿ. ನಾನು ನಿಂತಿದ್ದೆ, ನಾಲ್ಕನೆಯ ದಿನ "ಇದನ್ನೇಕೆ ಮಾಡಿಸಿಕೊಂಡೆ" ಎಂದು ಅತ್ತೂ ಇದ್ದೆ. ಅರಿವಳಿಕೆ, ನೋವಿನ ಗುಳಿಗೆ, ನಿದ್ದೆಗೇಡು ಮೂರೂ ಸೇರಿ ಮೊದಲ ಹತ್ತು ದಿನ ಮನಸ್ಸು ಕುಗ್ಗುವುದುಂಟು.

ನಾನು ಮಾಡಿದ ದೊಡ್ಡ ತಪ್ಪು ಏಪ್ರಿಲ್ ತಿಂಗಳನ್ನು ಆರಿಸಿಕೊಂಡದ್ದು. ಮಕ್ಕಳಿಗೆ ರಜೆ, ತವರಿನವರು ನೋಡಿಕೊಳ್ಳುತ್ತಾರೆ ಎಂಬ ಲೆಕ್ಕವಿತ್ತು. ಆದರೆ 40 ಡಿಗ್ರಿಯ ವಿಜಯಪುರದ ಬಿಸಿಲಿನಲ್ಲಿ ಹಗಲು ರಾತ್ರಿ ಸರ್ಜಿಕಲ್ ಬ್ರಾ ತೊಟ್ಟಿರುವುದು ಎಂದರೆ ಏನೆಂದು ಯಾರೂ ಹೇಳಿರಲಿಲ್ಲ. ಬೆವರಿನಿಂದ ಕೆಳಮಡಿಕೆಯಲ್ಲಿ, ಅಂದರೆ ಹೊಲಿಗೆ ಇರುವ ಜಾಗದಲ್ಲಿಯೇ, ಬೆವರುಸಾಲೆ ಎದ್ದು ತುರಿಕೆ ಶುರುವಾಯಿತು. ಒಂದರ ಬದಲು ಮೂರು ಬ್ರಾ ಕೊಂಡು, ದಿನಕ್ಕೆರಡು ಸಲ ಬದಲಾಯಿಸಿ, ಒಗೆದು ಪೂರ್ತಿ ಒಣಗಿದ್ದನ್ನೇ ತೊಡಲು ಆರಂಭಿಸಿದ ಮೇಲೆ ಹತೋಟಿಗೆ ಬಂತು. ನಿಮ್ಮ ಬೆಳಗಾವಿಯ ಹವೆ ನಿಮಗೆ ವರ. ಅದರ ಮೇಲೆ ಮುಂಭಾಗದಲ್ಲಿ ಗುಂಡಿ ಅಥವಾ ಜಿಪ್ ಇರುವ ನೈಟಿಗಳನ್ನೇ ಹಾಕಿಕೊಳ್ಳಿ. ತಲೆಯ ಮೇಲಿನಿಂದ ಎಳೆದು ತೊಡುವ ಕುರ್ತಾಗಳನ್ನು ಕಪಾಟಿನಲ್ಲಿಯೇ ಬಿಡಿ. ಎರಡು ಕಡೆಯೂ ತಲೆದಿಂಬು ಒತ್ತಿಟ್ಟುಕೊಂಡು ಮಲಗಿದರೆ ನಿದ್ದೆಯಲ್ಲಿ ಪಕ್ಕಕ್ಕೆ ಹೊರಳುವುದು ತಪ್ಪುತ್ತದೆ.

ಮಲಬದ್ಧತೆ ಆ ನೋವಿನ ಗುಳಿಗೆಯ ಕೊಡುಗೆ; ಅದರಲ್ಲಿ ಟ್ರಮಡಾಲ್ ಎಂಬ, ಮಲ ಕಟ್ಟಿಸುವ ನೋವುನಿವಾರಕ ಇದೆಯೇ ನೋಡಿ. ನೀರು, ಪಪ್ಪಾಯಿ, ರಾತ್ರಿ ಇಸಬಗೋಲ. ತಿಣುಕಬೇಡಿ, ತಿಣುಕಿದರೆ ಎದೆಯ ಮೇಲೂ ಒತ್ತಡ ಬೀಳುತ್ತದೆ.

ಇನ್ನು ರೊಟ್ಟಿ. ಹನ್ನೆರಡನೆಯ ದಿನ ಆರಾಮವೆನಿಸಿ ನಾಲ್ಕೇ ನಾಲ್ಕು ಜೋಳದ ರೊಟ್ಟಿ ಬಡಿದೆ. ಸಂಜೆಗೆ ಎಡಭಾಗ ಬಾತುಕೊಂಡು ಸುಡತೊಡಗಿತು. ವೈದ್ಯರು ಸ್ಕ್ಯಾನ್ ಮಾಡಿ, ರಕ್ತ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಸ್ನಾಯುವಿಗೆ ಪೆಟ್ಟಾಗಿದೆ ಎಂದು ಮತ್ತೆ ಒಂದು ವಾರ ಕೂರಿಸಿದರು. ರೊಟ್ಟಿ ಬಡಿಯುವುದನ್ನು ನಾವು ಕೈಯ ಕೆಲಸವೆಂದು ತಿಳಿದಿದ್ದೇವೆ, ಆದರೆ ಹಿಟ್ಟು ನಾದುವ ಹೊತ್ತಿಗೇ ಎದೆಯ ಸ್ನಾಯು ದುಡಿಯತೊಡಗಿರುತ್ತದೆ. ಆರು ವಾರ ಹಿಟ್ಟು ನಾದುವ ಆ ಕೊಣಮಿಗೆಯನ್ನು ಮುಟ್ಟಬೇಡಿ. ಖಡಕ್ ರೊಟ್ಟಿ ಮಾರುಕಟ್ಟೆಯಲ್ಲಿ ಸಿಗುತ್ತದೆ, ನಮ್ಮ ಜಿಲ್ಲೆಗಳಿಗೆ ಅದರ ಬರವಿಲ್ಲ.

ಎರಡನೆಯ ವಾರದಿಂದ ಕೊಬ್ಬರಿ ಎಣ್ಣೆ ಹಚ್ಚಿ ಮೃದುವಾಗಿ ಮಸಾಜ್ ಮಾಡಿಕೊಂಡೆ, ಬೇಗ ಮೆತ್ತಗಾಯಿತು. ನೀವೂ ಮಾಡಬಹುದು.

ಶುಶ್ರೂಷಕಿ_ಬಾಗಲಕೋಟೆ

ಮೇಲಿನವರ ಅನುಭವದ ಮಾತುಗಳೆಲ್ಲ ಬೆಲೆಯುಳ್ಳವು, ಆದರೆ ಕೊನೆಯ ಎರಡು ವಾಕ್ಯಗಳನ್ನು ದಯವಿಟ್ಟು ಪಾಲಿಸಬೇಡಿ. ಮಸಾಜ್ ಬೇಕೋ ಬೇಡವೋ ಎಂಬುದು ಇಂಪ್ಲಾಂಟಿನ ಮೇಲ್ಮೈ ನುಣುಪೋ ಒರಟೋ, ಆಕಾರ ದುಂಡೋ ಹನಿಯಂತೆಯೋ, ಯಾವ ಪದರದಲ್ಲಿ ಇಟ್ಟಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಕೆಲವು ಶಸ್ತ್ರಚಿಕಿತ್ಸಕರು ಅದನ್ನು ಹೇಳಿಕೊಡುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಹನಿಯಾಕಾರದ ಇಂಪ್ಲಾಂಟನ್ನು ತಿಕ್ಕಿ ತಿರುಗಿಸಿದರೆ ಸ್ತನದ ಆಕಾರವೇ ಕೆಡಬಹುದು. ಎರಡು ವಾರದ ಎಳೆಯ ಹೊಲಿಗೆಯ ಮೇಲೆ ಕೊಬ್ಬರಿ ಎಣ್ಣೆಯಾಗಲಿ ಅರಿಶಿನವಾಗಲಿ ಬೇಡವೇ ಬೇಡ. ಪಟ್ಟಿ ತೆಗೆದ ಕೂಡಲೇ ಮನೆಯ ಹಿರಿಯರು ಅರಿಶಿನದ ಡಬ್ಬಿ ಹುಡುಕುವುದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ ನಿಮ್ಮ ಸೂಚನೆಯ ಹಾಳೆಯಲ್ಲಿ ಕೆಂಪು ಗೆರೆ ಎಳೆಯಬೇಕಾದ ಭಾಗವನ್ನು ಹೇಳುತ್ತೇನೆ. ಎರಡೂ ಕಡೆ ಸಮನಾಗಿ ಬಾವು ಇರುವುದು, ಹಳದಿ ನೀಲಿ ಕಲೆಗಳು ಹೊಟ್ಟೆಯ ಕಡೆಗೆ ಇಳಿಯುವುದು, ಚರ್ಮ ಜೋಮು ಹಿಡಿದಂತಿರುವುದು ಇವು ಭಯದ ಲಕ್ಷಣಗಳಲ್ಲ. ಆದರೆ ಒಂದೇ ಕಡೆ ಕೆಲವೇ ಗಂಟೆಗಳಲ್ಲಿ ಸ್ತನ ಉಬ್ಬಿ, ಚರ್ಮ ತಮಟೆಯಂತೆ ಬಿಗಿದು, ಗುಳಿಗೆಗೂ ಬಗ್ಗದ ನೋವು ಬಂದರೆ ಒಳಗೆ ರಕ್ತ ಶೇಖರವಾಗುತ್ತಿದೆ ಎಂದೇ ತಿಳಿಯಬೇಕು. ಇದು ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲಿ ಆಗುತ್ತದೆ, ನಂತರವೂ ಆಗಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹೊಲಿಗೆಯ ಸುತ್ತ ಕೆಂಪು ಹರಡುತ್ತ ಹೋದರೆ, ಕೀವು ಅಥವಾ ದುರ್ವಾಸನೆಯ ದ್ರವ ಒಸರಿದರೆ ಅದು ಸೋಂಕು. ಆಗ ಔಷಧದ ಅಂಗಡಿಯವರನ್ನು ಕೇಳಿ ಆಂಟಿಬಯಾಟಿಕ್ ನುಂಗಬೇಡಿ: ಸೋಂಕು ಇಂಪ್ಲಾಂಟಿಗೆ ಅಂಟಿಕೊಂಡರೆ ಬರಿಯ ಗುಳಿಗೆಗೆ ಅದು ಬಗ್ಗದೆ, ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ಮೂರನೆಯದು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆಯಾದ ದಿನವೇ ಎಬ್ಬಿಸಿ ನಡೆಸುವುದು ಈ ಕಾರಣಕ್ಕಾಗಿಯೇ. ಹಾಸಿಗೆ ಹಿಡಿದು ಮಲಗುವುದನ್ನು ವಿಶ್ರಾಂತಿ ಎಂದು ತಿಳಿಯಬೇಡಿ, ಮನೆಯೊಳಗೆ ಗಂಟೆಗೊಮ್ಮೆ ಅಡ್ಡಾಡಿ.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೆ ಅತ್ತೆಯವರು ಹೇಳಿಯೇ ಇರುತ್ತಾರೆ. ಬದನೆಕಾಯಿ ನಂಜು, ಶೇಂಗಾ ನಂಜು, ಮೊಸರು ತಿಂದರೆ ಕೀವಾಗುತ್ತದೆ ಎಂದು ಹತ್ತು ದಿನ ಬರಿಯ ಗಂಜಿಯಲ್ಲಿ ಇಟ್ಟ ರೋಗಿಗಳ ಗಾಯವೇ ತಡವಾಗಿ ಕೂಡುವುದನ್ನು ನೋಡಿದ್ದೇನೆ. ಗಾಯ ಮಾಯಲು ಪ್ರೋಟೀನ್ ಬೇಕು. ಮಡಕಿ ಕಾಳು, ಹೆಸರು ಬೇಳೆ, ಮೊಸರು, ಶೇಂಗಾ ಹಿಂಡಿ ಎಲ್ಲವನ್ನೂ ಉಣ್ಣಿ. ನಿಮಗೆ ಮೊದಲಿನಿಂದ ಒಗ್ಗದ ಪದಾರ್ಥವನ್ನು ಮಾತ್ರ ಬಿಡಿ. ತಂಬಾಕಿನ ವಿಷಯದಲ್ಲಿ ಒಂದು ಮಾತು: ನಮ್ಮ ಕಡೆಯ ಹೆಂಗಸರನ್ನು "ಸಿಗರೇಟು ಸೇದುತ್ತೀರಾ" ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ, ಹಲ್ಲಿಗೆ ತಿಕ್ಕುವ ಮಶೇರಿಯ ನೆನಪು ಯಾರಿಗೂ ಆಗುವುದಿಲ್ಲ. ಅದೂ ತಂಬಾಕೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ರಕ್ತ ತಲುಪದಂತೆ ಮಾಡುತ್ತದೆ.

ಸ್ನಾನಕ್ಕೆ ನಿಮ್ಮ ವೈದ್ಯರು ಅನುಮತಿ ಕೊಟ್ಟ ಮೇಲೆ ತಂಬಿಗೆಯಿಂದ ನೀರು ಸುರಿದುಕೊಳ್ಳಬಹುದು. ನಂತರ ಹೊಲಿಗೆಯ ಜಾಗವನ್ನು ಒತ್ತಿ ಒರೆಸದೆ ತಟ್ಟಿ ಒಣಗಿಸಿ. ಹೊಳೆ, ಬಾವಿ, ಈಜುಕೊಳಗಳಲ್ಲಿ ಮುಳುಗುವುದು ಗಾಯ ಸಂಪೂರ್ಣ ಮಾಯುವವರೆಗೆ ಬೇಡ. ಕೂಡಲಸಂಗಮದ ಮುಳುಗನ್ನು ಸಂಕ್ರಾಂತಿಗೆ ಇಟ್ಟುಕೊಳ್ಳಿ.

ಟಿಳಕವಾಡಿ_ಗಣಿತ

ಇಬ್ಬರಿಗೂ ಕೃತಜ್ಞತೆಗಳು. ನನ್ನ ಇಂಪ್ಲಾಂಟ್ ದುಂಡಗಿನದು, ನುಣುಪು ಮೇಲ್ಮೈಯದು ಎಂದು ಕಾರ್ಡಿನಲ್ಲಿದೆ. ಆದರೂ ವೈದ್ಯರನ್ನು ಕೇಳದೆ ಮಸಾಜ್ ಮಾಡುವುದಿಲ್ಲ. ನಿನ್ನೆಯಿಂದ ಬಲ ತೊಟ್ಟಿನ ಸುತ್ತ ವಿದ್ಯುತ್ ಹೊಡೆದಂತೆ ಚುಳುಕು ಬರುತ್ತಿದೆ, ಎಡಭಾಗದ ತೊಟ್ಟಿಗೆ ಸ್ಪರ್ಶವೇ ತಿಳಿಯುತ್ತಿಲ್ಲ. ಇದು ಸರಿಹೋಗುವುದೇ? ಶಾಲೆಗೆ ನಾನು ಸ್ಕೂಟರಿನಲ್ಲಿ ಹೋಗುವವಳು, ಅದರ ಬಗ್ಗೆಯೂ ತಿಳಿಸಿ. ನಾದಿನಿಗೆ ಇಂದು ಫೋನಿನಲ್ಲಿ ನಿಜ ಹೇಳಿಬಿಟ್ಟೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ವೈನಿ, ಮೊದಲೇ ಹೇಳಿದ್ದರೆ ರಜೆ ಹಾಕಿ ಬರುತ್ತಿದ್ದೆನಲ್ಲ" ಎಂದಳು. ನಾಳೆ ಹುಕ್ಕೇರಿಯಿಂದ ಬರುತ್ತಾಳೆ.

ಭುಜ_ಕೀಲು (ಭೌತಚಿಕಿತ್ಸಕಿ, ಬೆಳಗಾವಿ)

ನಾದಿನಿ ಬರುತ್ತಿರುವುದು ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಸುದ್ದಿ. ಗುಟ್ಟು ಕಾಯುವುದು ನಿಮ್ಮ ಹಕ್ಕು. ಆದರೆ ಗುಟ್ಟನ್ನು ಕಾಯುವುದಕ್ಕಾಗಿ ಕೊಡ ಎತ್ತಿದವರು ನನ್ನ ಬಳಿಗೆ ಬಂದಿದ್ದಾರೆ. ಅತ್ತೆಯವರಿಗೆ "ಎದೆಯ ಸ್ನಾಯುವಿನ ಆಪರೇಷನ್, ಆರು ವಾರ ಭಾರ ಎತ್ತುವಂತಿಲ್ಲ" ಎಂದು ಹೇಳಿ. ಅದು ಸುಳ್ಳೂ ಅಲ್ಲ.

ಚುಳುಕಿನ ಬಗ್ಗೆ ಮೊದಲು ಹೇಳುತ್ತೇನೆ. ಹಿಗ್ಗಿದ ನರಗಳು ಚೇತರಿಸಿಕೊಳ್ಳುವಾಗ ಹಾಗೆ ಕ್ಷಣಮಾತ್ರ ಮಿಂಚುತ್ತವೆ. ಜೋಮು ಬಹುಪಾಲು ಜನರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಸ್ವಲ್ಪ ಭಾಗ ಶಾಶ್ವತವಾಗಿ ಉಳಿಯುತ್ತದೆ. ಒಂದು ಎಚ್ಚರಿಕೆ: ಸ್ಪರ್ಶ ತಿಳಿಯದ ಜಾಗಕ್ಕೆ ಬಿಸಿನೀರಿನ ಚೀಲವನ್ನಾಗಲಿ ಬರಿಯ ಮಂಜುಗಡ್ಡೆಯನ್ನಾಗಲಿ ಇಡಬೇಡಿ, ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಕೈಗಳ ವಿಷಯದಲ್ಲಿ ಜನ ಎರಡು ಬಗೆಯಲ್ಲಿ ತಪ್ಪುತ್ತಾರೆ. ಒಂದು, ರೊಟ್ಟಿ ಬಡಿಯುವುದು. ಇನ್ನೊಂದು, ಹೆದರಿ ಎರಡೂ ತೋಳುಗಳನ್ನು ಪಕ್ಕೆಗೆ ಅಂಟಿಸಿಕೊಂಡು ಮೂರು ವಾರ ಕೂತುಬಿಡುವುದು. ಹಾಗೆ ಕೂತವರಿಗೆ ಎದೆ ಮಾಯುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ, ಬೆನ್ನು ಗೂನಾಗಿರುತ್ತದೆ. ಭುಜವನ್ನು ಮೇಲೆ ಕೆಳಗೆ ಕುಲುಕಿಸುವುದು, ಹಿಂದಕ್ಕೆ ನಿಧಾನವಾಗಿ ಸುತ್ತಿಸುವುದು, ಮೊಣಕೈ ಮಡಿಸಿ ತಲೆ ಬಾಚಿಕೊಳ್ಳುವುದು ಇವನ್ನು ನಿಮ್ಮ ವೈದ್ಯರ ಒಪ್ಪಿಗೆಯೊಂದಿಗೆ ಈಗಲೇ ಮಾಡಬಹುದು. ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತುವುದು ಸಾಮಾನ್ಯವಾಗಿ ಎರಡು ಮೂರು ವಾರದ ನಂತರ, ಅದೂ ನೋವಿನ ಗಡಿಯೊಳಗೆ. ಹಾಗಾಗಿ ಶಾಲೆಗೆ ಹೋಗಲು ಅಡ್ಡಿಯಿಲ್ಲ, ಬೋರ್ಡು ಮಾತ್ರ ಅಡ್ಡಿ. ಶಾಲೆ ತೆರೆದ ಮೊದಲ ಎರಡು ವಾರ ಭುಜದ ಮಟ್ಟಕ್ಕಿಂತ ಕೆಳಗಿನ ಅರ್ಧ ಬೋರ್ಡನ್ನಷ್ಟೇ ಬಳಸಿ, ಉಳಿದ ಲೆಕ್ಕಗಳನ್ನು ಮಕ್ಕಳಿಂದಲೇ ಬರೆಸಿ. ಅಳಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿ. ಬರೆಯುವುದಕ್ಕಿಂತ ಉಜ್ಜಿ ಅಳಿಸುವುದೇ ಎದೆಯ ಸ್ನಾಯುವಿಗೆ ಹೆಚ್ಚು ಕೆಲಸ.

ಭಾರವೆಂದರೆ ಎಷ್ಟು ಎಂಬ ಅಂದಾಜು ನಮ್ಮಲ್ಲಿ ಕಡಿಮೆ. ಮೊದಲ ಆರು ವಾರ ಎರಡು ಮೂರು ಕಿಲೋ ಮಿತಿ ಎಂದಿಟ್ಟುಕೊಳ್ಳಿ. ತುಂಬಿದ ಕೊಡ ಹತ್ತು ಕಿಲೋ ಮೀರುತ್ತದೆ, 14.2 ಕಿಲೋ ಅನಿಲ ತುಂಬಿದ ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕಿಲೋ. ಅನ್ನ ಬೇಳೆ ತುಂಬಿದ ಐದು ಲೀಟರಿನ ಕುಕ್ಕರ್ ಕೂಡ ನಿಮ್ಮ ಮಿತಿಯನ್ನು ದಾಟುತ್ತದೆ. ಬಟ್ಟೆ ಹಿಂಡುವುದು, ನೆಲ ಒರೆಸುವುದು, ಬಿಗಿಯಾದ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುವುವುದು, ನೂಕಿ ತೆಗೆಯಬೇಕಾದ ಹಳೆಯ ಬಾಗಿಲು ಇವುಗಳಲ್ಲಿ ತೂಕವಿಲ್ಲ, ಆದರೆ ಸ್ನಾಯುವಿನ ಪಾಲಿಗೆ ಅಷ್ಟೇ ಶ್ರಮವಿದೆ. ಹಾಸಿಗೆಯಿಂದ ಏಳುವಾಗ ಕೈ ಊರಬೇಡಿ, ಒರಗಿದಲ್ಲಿಂದಲೇ ಕಾಲು ಕೆಳಗಿಳಿಸಿ ಹೊಟ್ಟೆ ಮತ್ತು ತೊಡೆಯ ಬಲದಿಂದ ಏಳಿ. ದೀಪಾವಳಿಯ ಹೊತ್ತಿಗೆ ನಿಮಗೆ ಹೆಚ್ಚೆಂದರೆ ನಾಲ್ಕು ವಾರವಾಗಿರುತ್ತದೆ. ಕರಚಿಕಾಯಿ ತುಂಬಿ ಮಡಿಸಲು ಅಡ್ಡಿಯಿಲ್ಲ; ಚಕ್ಕಲಿ ಒರಳನ್ನು ಮಾತ್ರ ಮುಟ್ಟಬೇಡಿ. ಎರಡೂ ಅಂಗೈಗಳಿಂದ ಎದೆಯ ಮುಂದೆ ಒತ್ತುವ ಆ ಭಂಗಿಯನ್ನೇ ನಾವು ಎದೆಯ ಸ್ನಾಯುವಿನ ಬಲ ಪರೀಕ್ಷಿಸಲು ಬಳಸುತ್ತೇವೆ.

ಸ್ಕೂಟರ್ ನಾಲ್ಕರಿಂದ ಆರು ವಾರ ಬೇಡ. ಓಡಿಸುವುದಕ್ಕಿಂತಲೂ ಅದನ್ನು ಸ್ಟ್ಯಾಂಡಿನ ಮೇಲೆ ಎಳೆದು ನಿಲ್ಲಿಸುವುದೇ ಅಪಾಯ. ಮಳೆಗಾಲ ಮುಗಿದ ಬೆಳಗಾವಿಯ ರಸ್ತೆಗುಂಡಿಗಳ ವಿಷಯ ನಿಮಗೇ ಗೊತ್ತು. ಆಟೋದಲ್ಲಿ ಹೋಗಿ. ಬಸ್ಸಿನಲ್ಲಾದರೆ ಕೂರಲು ಜಾಗ ಸಿಕ್ಕರೆ ಮಾತ್ರ ಹತ್ತಿ: ಮೇಲಿನ ಸರಳು ಹಿಡಿದು ನಿಂತಾಗ ಚಾಲಕರು ಬ್ರೇಕ್ ಹಾಕಿದರೆ ಇಡೀ ದೇಹದ ಭಾರ ಆ ಒಂದು ತೋಳಿಗೆ ಬೀಳುತ್ತದೆ. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳಲೇಬೇಕು, ಬೆಲ್ಟಿಗೂ ಎದೆಗೂ ನಡುವೆ ಸಣ್ಣ ಮೆತ್ತನೆಯ ದಿಂಬು ಇಡಿ.

ಒಂಬತ್ತು_ವರ್ಷ_ಹಳಬಳು

ನೀವು ಕಾರ್ಡಿನ ಪ್ರಸ್ತಾಪ ಮಾಡಿದ್ದರಿಂದ ಬರೆಯುತ್ತಿದ್ದೇನೆ. ತಯಾರಕರ ಹೆಸರು, ಮಾದರಿ, ಸರಣಿ ಸಂಖ್ಯೆ ಇರುವ ಆ ಪುಟ್ಟ ಕಾರ್ಡನ್ನು ಆಸ್ತಿಪತ್ರದ ಜೊತೆ ಇಡಿ, ಫೋನಿನಲ್ಲಿ ಅದರ ಚಿತ್ರವನ್ನೂ ಇಟ್ಟುಕೊಳ್ಳಿ. 2019ರಲ್ಲಿ ಒಂದು ಬಗೆಯ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು, ಅಪರೂಪದ ಒಂದು ಲಿಂಫೋಮಾದ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಜೊತೆ ಅವುಗಳಿಗೆ ನಂಟು ಕಂಡುಬಂದುದರಿಂದ, ಜಗತ್ತಿನಾದ್ಯಂತ ಹಿಂಪಡೆದಾಗ ನನ್ನದು ಯಾವುದೆಂದು ತಿಳಿಯಲು ನಾನು ಎರಡು ದಿನ ಟ್ರಂಕು ತಡಕಾಡಿದೆ. ನನ್ನದು ಅದಾಗಿರಲಿಲ್ಲ.

ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ. ಸಿಲಿಕೋನ್ ಜೆಲ್ ಇಂಪ್ಲಾಂಟ್ ಒಳಗೇ ಒಡೆದರೆ ಹೊರಗೆ ಏನೂ ಕಾಣದೆ ಇರಬಹುದು. ಅದಕ್ಕಾಗಿಯೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್.ಡಿ.ಎ. ಐದಾರು ವರ್ಷಕ್ಕೆ ಮೊದಲ ಸಲ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಬೇಕೆಂದು ಸಲಹೆ ನೀಡಿದೆ. ಇಂಪ್ಲಾಂಟಿನ ಸುತ್ತ ದೇಹ ತಾನೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಅದು ಎಲ್ಲರಲ್ಲೂ ಆಗುವಂಥದ್ದು. ಕೆಲವರಲ್ಲಿ ತಿಂಗಳುಗಳ ಅಥವಾ ವರ್ಷಗಳ ನಂತರ ಆ ಪೊರೆ ಬಿಗಿದು ಸ್ತನ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ. ಈಗಿನ ನಿಮ್ಮ ಗಟ್ಟಿತನ ಅದಲ್ಲ. ಒಮ್ಮೆ ಮೆತ್ತಗಾದದ್ದು ಮತ್ತೆ ಗಟ್ಟಿಯಾದರೆ ಆಗ ತೋರಿಸಿ. 40 ದಾಟಿದ ಮೇಲೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸುವಾಗ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಬೇಕು, ಅದನ್ನು ಹಿಂದಕ್ಕೆ ಸರಿಸಿ ತೆಗೆಯುವ ಹೆಚ್ಚುವರಿ ಚಿತ್ರಗಳು ಬೇಕಾಗುತ್ತವೆ. ತಪಾಸಣೆಯ ಕೋಣೆಯಲ್ಲಿಯೂ ಗುಟ್ಟು ಕಾಯುವವರಿದ್ದಾರೆ, ಆದ್ದರಿಂದ ಹೇಳಿದೆ.

ಕಲೆಯ ಬಗ್ಗೆ ತಾಳ್ಮೆ ಇರಲಿ. ಮೊದಲ ಕೆಲವು ತಿಂಗಳು ಅದು ಕೆಂಪಾಗಿ, ದಪ್ಪವಾಗಿಯೇ ಕಾಣುತ್ತದೆ. ತಿಳಿಯಾಗಲು ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಗಾಯ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಪಟ್ಟಿ ಹಚ್ಚುವುದರಿಂದ ನನಗೆ ಪ್ರಯೋಜನವಾಯಿತು. ಕಿವಿ ಚುಚ್ಚಿಸಿದ ಜಾಗದಲ್ಲಿ ಎಂದಾದರೂ ಗಂಟುಗಟ್ಟಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಈಗಲೇ ತಿಳಿಸಿ, ಅಂಥ ಚರ್ಮದಲ್ಲಿ ಹೊಲಿಗೆಯೂ ಕೆಲಾಯ್ಡ್ (ಉಬ್ಬಿ ಬೆಳೆಯುವ ಕಲೆ) ಆಗುವ ಸಂಭವ ಹೆಚ್ಚು.

ಟಿಳಕವಾಡಿ_ಗಣಿತ

ಹದಿನಾಲ್ಕನೆಯ ದಿನದ ತಪಾಸಣೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಹೊಲಿಗೆ ಕೂಡಿದೆ, ಬಲಭಾಗ ಒಂದು ಬೆರಳಿನಷ್ಟು ಕೆಳಗಿಳಿದಿದೆ. ಮಸಾಜ್ ಬೇಡ, ಭುಜದ ವ್ಯಾಯಾಮ ಮುಂದುವರಿಸಿ ಎಂದರು. ಮಶೇರಿಯ ಸಾಲುಗಳನ್ನು ನಾದಿನಿ ಅತ್ತೆಯವರಿಗೆ ಓದಿ ಹೇಳಿದಳು; ಅವರು ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಕಿವಿಯ ಗಂಟಿನ ವಿಷಯ ನನಗೆ ಮರೆತೇ ಹೋಗಿತ್ತು, ಎಡಗಿವಿಯಲ್ಲಿ ನಿಜವಾಗಿಯೂ ಒಂದು ಇದೆ. ವೈದ್ಯರು ಅದನ್ನು ನೋಡಿ ಸಿಲಿಕೋನ್ ಪಟ್ಟಿಯನ್ನು ಮುಂದಿನ ವಾರದಿಂದಲೇ ಆರಂಭಿಸಲು ಬರೆದುಕೊಟ್ಟಿದ್ದಾರೆ. ಚಕ್ಕಲಿ ಒತ್ತುವ ಕೆಲಸ ಈ ಸಲ ಪತಿಯ ಪಾಲಿಗೆ ಬಂದಿದೆ.